ಸ್ಟೂಲಿನ ಮಾತೆತ್ತಬಾರದು

ನಮ್ಮ ಪಕ್ಷದಲ್ಲಿ ಕಿಟಕಿ ತೆರೆಯಬೇಕಾದರೂ ಮತಕ್ಕೆ ಹಾಕುತ್ತಿದ್ದೆವು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ನಮ್ಮ ಕಚೇರಿಗೆ ಇದ್ದದ್ದು ಒಂದೇ ಕಿಟಕಿ. ತೆರೆದರೆ ಕೆಳಗಿನ ಗಾಳಿ ಪಂಪಿನ ಸದ್ದು, ಮುಚ್ಚಿದರೆ ಸೆಕೆ. ಹಾಗಾಗಿ ಪ್ರತಿ ಸಭೆಯೂ ಸದ್ದಿನ ಬಣ ಮತ್ತು ಸೆಕೆಯ ಬಣದ ನಡುವಿನ ಚರ್ಚೆಯಿಂದಲೇ ಶುರುವಾಗುತ್ತಿತ್ತು. ಯಾವ ಬಣ ಗೆದ್ದರೂ ಮೂಲೆಯಲ್ಲಿ ಕೂತ ಆಕ್ಷೇಪಣೆ ತಾತ ಎಡಗೈ ಎತ್ತುತ್ತಿದ್ದರು. ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಮುದುಕರಾದವರು; ಅವರ ನಿಜವಾದ ಹೆಸರು ಸದಸ್ಯತ್ವದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅಂಥ ಒಂದು ಸಭೆಯಲ್ಲಿ ನಾನು ಎಲ್ಲರಿಗೂ ಟೀ ತರಲು ಕೆಳಗಿಳಿದೆ. ಮೇಲೆ ಬರುವಷ್ಟರಲ್ಲಿ ನಗರಸಭೆ ಚುನಾವಣೆಗೆ ನಮ್ಮ ವಾರ್ಡಿನ ಅಭ್ಯರ್ಥಿಯಾಗಿದ್ದೆ.

"ಸರ್ವಾನುಮತ," ಎಂದರು ಕಾರ್ಯದರ್ಶಿ. ವಿಮಾ ಕಚೇರಿಯ ಗುಮಾಸ್ತ, ನನಗಿಂತ ಚಿಕ್ಕವರು, ಸದಾ ಅವಸರ.

"ಆಕ್ಷೇಪಣೆ," ಎಂದರು ತಾತ. "ಒಬ್ಬಳು ಇಲ್ಲಿರಲೇ ಇಲ್ಲ."

"ಯಾರು?"

"ಅಭ್ಯರ್ಥಿ!"

ನಾನು ಟೀ ಹಂಚಿದೆ. ಬೇಡವೆನ್ನಲು ಮನಸ್ಸಾಗಲಿಲ್ಲ. ಹೇಗೂ ಸೋಲುವ ಚುನಾವಣೆ. ನಮ್ಮ ಪಕ್ಷ ಆ ಊರಿನಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಕರಪತ್ರದ ಜೊತೆಗೇ ಸೋಲಿನ ಭಾಷಣವನ್ನೂ ಬರೆದು ಮಂಜೂರು ಮಾಡಿಬಿಡುವುದು ನಮ್ಮ ವಾಡಿಕೆ. ಮತ ಎಣಿಕೆಯ ದಿನ ಎಲ್ಲರೂ ದಣಿದಿರುತ್ತಾರೆ, ಆಗ ತಿದ್ದುಪಡಿ ತರುವ ಶಕ್ತಿ ಯಾರಿಗಿರುತ್ತದೆ? ಸಮಿತಿ ಒಪ್ಪಿದ ಮಾತನ್ನು ಅಭ್ಯರ್ಥಿ ಒಂದಕ್ಷರ ಬಿಡದೆ, ಸೇರಿಸದೆ ಓದಬೇಕು. ಅದೂ ವಾಡಿಕೆಯೇ.

"ಗೆಲುವಿನ ಭಾಷಣ?" ಎಂದು ಕೇಳಿದೆ.

ಎಲ್ಲರೂ ಲೋಟದೊಳಗೆ ನೋಡಿದರು. "ಅದರ ಅಗತ್ಯ ಇದುವರೆಗೆ ಬಂದಿಲ್ಲ ಕಾಮ್ರೇಡ್," ಎಂದರು ಕಾರ್ಯದರ್ಶಿ, ಮೆಲ್ಲಗೆ.

ನಾನು ಪೇಟೆಬೀದಿಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕಿದ್ದವಳು. ಬಾಗಿಲು ತೆರೆದಾಗಿನಿಂದ ಹಾಕುವವರೆಗೆ ನಿಂತೇ ಇರಬೇಕು. ಗಿರಾಕಿ ಇರಲಿ ಬಿಡಲಿ, ಕೂತವಳು ಸೋಮಾರಿ ಎಂಬುದು ಯಜಮಾನರ ಲೆಕ್ಕ. ಇಪ್ಪತ್ತು ವರ್ಷ ಹಾಗೆ ನಿಂತು ಮಂಡಿ ಸವೆಸಿಕೊಂಡು ಬಿಟ್ಟು ಬಂದಿದ್ದೆ. ಹಾಗಾಗಿ ಕರಪತ್ರಕ್ಕೆ ನಾನು ಸೇರಿಸಿದ್ದು ಒಂದೇ ಒಂದು ಮಾತು: ಅಂಗಡಿಯಲ್ಲಿ ದುಡಿಯುವ ಪ್ರತಿ ಹೆಂಗಸಿಗೂ ಒಂದು ಸ್ಟೂಲ್. ಲೈಸೆನ್ಸ್ ಕೊಡುವುದು ನಗರಸಭೆ ತಾನೆ? ಸ್ಟೂಲ್ ಇಡದ ಅಂಗಡಿಗೆ ಲೈಸೆನ್ಸ್ ಇಲ್ಲ.

ಮನೆಮನೆಗೆ ಹೋದಾಗ ಮೊದಲು ಎಲ್ಲರೂ ನಕ್ಕರು. "ಬೇರೆಯವ್ರು ಮೇಲ್ಸೇತುವೆ ಕಟ್ತೀವಿ ಅಂತಾರೆ, ನೀವು ಸ್ಟೂಲಾ?" ಎಂದರು. ಆಮೇಲೆ ಬಾಗಿಲು ಅರ್ಧ ಮುಚ್ಚಿ, ಬಟ್ಟೆ ಸ್ವಲ್ಪ ಮೇಲೆತ್ತಿ, ತಮ್ಮ ಮೀನಖಂಡದ ಮೇಲೆ ಗಂಟುಗಂಟಾಗಿ ಉಬ್ಬಿದ ನೀಲಿ ನರಗಳನ್ನು ತೋರಿಸಿದರು. ಔಷಧಿ ಅಂಗಡಿಯವಳು, ಸಿನಿಮಾ ಟಿಕೆಟ್ ಹರಿಯುವವಳು, ಬೇಕರಿಯವಳು. ನಾನೂ ನನ್ನದನ್ನು ತೋರಿಸಿದೆ. ಒಬ್ಬರ ಕಾಲನ್ನು ಒಬ್ಬರು ನೋಡಿಕೊಂಡು, ಗುಟ್ಟು ಹಂಚಿಕೊಂಡ ಶಾಲೆಯ ಹುಡುಗಿಯರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಇಂಥ ಚುನಾವಣಾ ಪ್ರಚಾರ ಹಿಂದೆ ನಡೆದಿದ್ದು ನನಗೆ ಗೊತ್ತಿಲ್ಲ.

ಆಗಲೇ ನನಗೆ ಅದು ಅಂಟಿಕೊಂಡದ್ದು. ಗೆಲ್ಲಬೇಕೆಂಬ ಆಸೆ. ನಮ್ಮ ಪಕ್ಷದಲ್ಲಿ ಅದು ಕೊಂಚ ಅಸಭ್ಯವಾದ ಆಸೆ. ಐವತ್ತರ ಹೊಸಿಲಿನಲ್ಲಿ ಯಾರ ಮೇಲೋ ಮನಸ್ಸಾದ ಹಾಗೆ. ಅಡುಗೆಮನೆ ಕಿಟಕಿಗೆ ಕಟ್ಟಿದ ಹಬೆಯ ಮೇಲೆ ಬೆರಳಿನಿಂದ 'ಸದಸ್ಯೆ, ನಗರಸಭೆ' ಎಂದು ಬರೆದೆ. ಗಂಡನ ಹೆಜ್ಜೆ ಕೇಳಿಸಿತು, ಅಂಗೈಯಿಂದ ಒರೆಸಿದೆ.

"ಏನೇ ಅದು ಬರೀತಿದ್ದೆ?"

"ಏನಿಲ್ಲ. ಹಬೆ."

"ಗೆದ್ರೆ ನಂಗೂ ಒಂದು ಸ್ಟೂಲ್ ಹಾಕಿಸ್ತೀಯಾ?" ಎಂದ. ಅವನು ಬಸ್ ಕಂಡಕ್ಟರ್. ನಿಂತು ದುಡಿಯುವುದು ನಮ್ಮ ಮನೆತನದ ವೃತ್ತಿ.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮ ಕಚೇರಿಯ ಕಬ್ಬಿಣದ ಮೆಟ್ಟಿಲು ಗಡಗಡ ಎಂದಿತು. ಏದುಸಿರು ಬಿಡುತ್ತ ಬಂದವರು ನನ್ನ ಹಳೆಯ ಯಜಮಾನರು, ಪೇಟೆಬೀದಿಯ ವರ್ತಕರ ಸಂಘದ ಅಧ್ಯಕ್ಷರು. ಆಳುವ ಪಕ್ಷ ಅಂಗಡಿ ಬೋರ್ಡುಗಳ ಮೇಲೆ ತೆರಿಗೆ ಹಾಕಿತ್ತು, ಬೀದಿಯೆಲ್ಲ ಕೊತಕೊತ ಕುದಿಯುತ್ತಿತ್ತು. ಆ ತೆರಿಗೆಯನ್ನು ನಾವೂ ವಿರೋಧಿಸುತ್ತಿದ್ದೆವು.

"ನಮ್ಮ ಬೀದಿ ಪೂರ್ತಿ ನಿಮಗೆ. ಮನೆಯವ್ರು, ಮಕ್ಳು, ಅಳಿಯಂದ್ರು, ಎಲ್ರ ಮತಾನೂ," ಎಂದರು. "ಆ ಸ್ಟೂಲಿನ ಮಾತೊಂದನ್ನ ಚುನಾವಣೆ ಮುಗಿಯೋ ತನಕ ಎತ್ತಬೇಡಿ. ಕೈಬಿಡಿ ಅಂತಿಲ್ಲ. ಎತ್ತಬೇಡಿ, ಅಷ್ಟೆ."

ಅವರು ಇಳಿದು ಹೋದ ಮೇಲೆ ಕಿಟಕಿಯ ವಿಷಯವನ್ನೇ ಮರೆತು ಚರ್ಚೆ ಶುರುವಾಯಿತು.

"ಗೆಲ್ಲದೆ ಸ್ಟೂಲ್ ಎಲ್ಲಿಂದ ತರ್ತೀವಿ ತಾತ?" ಎಂದು ಕಾರ್ಯದರ್ಶಿ ಗುಡುಗಿದರು. "ಇಷ್ಟು ವರ್ಷ ಸರಿಯಾಗಿಯೇ ಇದ್ವಿ. ಸರಿಯಾಗಿಯೇ ಸೋತ್ವಿ. ಅದ್ರಿಂದ ಯಾರ ಕಾಲುನೋವು ಹೋಯ್ತು?"

"ಈಗ ಬಾಯಿ ಮುಚ್ಚಿಕೊಂಡು ಗೆದ್ದೋರು ಆಮೇಲೆ ಯಾವ ಬಾಯಿಂದ ಕೇಳ್ತೀರಪ್ಪ?" ಎಂದರು ತಾತ.

ಇಬ್ಬರ ಮಾತೂ ನನಗೆ ಸರಿ ಎನಿಸುತ್ತಿತ್ತು. ಒಬ್ಬರು ಮಾತಾಡುವಾಗ ಅವರ ಕಡೆ, ಇನ್ನೊಬ್ಬರು ಮಾತಾಡುವಾಗ ಇವರ ಕಡೆ ತಲೆಯಾಡಿಸಿ ಕುತ್ತಿಗೆ ನೋಯತೊಡಗಿತು. ಪುಣ್ಯಕ್ಕೆ ಅಭ್ಯರ್ಥಿಗೆ ಇಂಥದ್ದರಲ್ಲಿ ಮತವಿರಲಿಲ್ಲ. ಆದರೂ ನನ್ನ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೆ. ಬಿಟ್ಟರೆ ಅದು ಯಾವ ಕಡೆಗೆ ಎದ್ದುಬಿಡುತ್ತದೋ ನನಗೇ ನಂಬಿಕೆಯಿರಲಿಲ್ಲ.

ನಿರ್ಣಯ ಪಾಸಾಯಿತು: ಚುನಾವಣೆ ಮುಗಿಯುವವರೆಗೆ ಅಭ್ಯರ್ಥಿಯು ಸ್ಟೂಲಿನ ವಿಷಯ ಮಾತನಾಡತಕ್ಕದ್ದಲ್ಲ.

ಮಾತನಾಡಲಿಲ್ಲ. ಬೋರ್ಡು ತೆರಿಗೆ, ಚರಂಡಿ, ಬೀದಿದೀಪ ಎಂದೆ. ಹೆಂಗಸರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು, ನಾನು ಬೀದಿದೀಪ ಮುಗಿಸಿ ಸುಮ್ಮನಾಗುತ್ತಿದ್ದೆ. ಅವರ ಮುಖದಲ್ಲಿ ಏನೋ ಆರಿಹೋಗುತ್ತಿತ್ತು. ನನ್ನ ಹಳೆಯ ಜೊತೆಗಾತಿಯೊಬ್ಬಳಿದ್ದಾಳೆ, ಕಪಾಟಿನ ಮೇಲಿನ ಅರೆಯ ಬಟ್ಟೆಯನ್ನು ಏಣಿಯಿಲ್ಲದೆ ತೆಗೆಯುವಷ್ಟು ಎತ್ತರ. ಎಲ್ಲರೂ ಉದ್ದಕ್ಕ ಎನ್ನುತ್ತೇವೆ. ಅವಳಂತೂ ನಡುಬೀದಿಯಲ್ಲೇ ಹಿಡಿದಳು.

"ಏನಕ್ಕಾ, ಗೆಲ್ಲೋಕೆ ಮುಂಚೆನೇ ಸಾಹೇಬ್ರಾಗ್ಬಿಟ್ರಾ?"

"ಗೆಲ್ಲೋ ತನಕ ಸುಮ್ನಿರೇ."

"ನಾವು ಸುಮ್ನೇ ಇರೋದು. ಅದನ್ನ ಮಾಡೋಕೆ ನೀವ್ಯಾಕೆ ಬೇಕು?"

ಮತದಾನಕ್ಕೆ ಮುಂಚಿನ ಭಾನುವಾರ ವರ್ತಕರ ಸಂಘದ ಸಭೆ. ಭಾಷಣಕ್ಕೆ ನನ್ನನ್ನು ಕರೆದಿದ್ದರು, ಕಾರ್ಯದರ್ಶಿಯೂ ತಾತನೂ ಜೊತೆಗೆ ಬಂದರು. ನಡೆದದ್ದು ಯಜಮಾನರ ಅಂಗಡಿಯಲ್ಲೇ, ಬಟ್ಟೆಯ ಥಾನುಗಳನ್ನು ಗೋಡೆಗೆ ಸರಿಸಿ, ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿ. ಬೀದಿಯ ದೊಡ್ಡವರೆಲ್ಲ ಕೂತಿದ್ದರು. ಶರಬತ್ತಿನ ತಟ್ಟೆ ಹಿಡಿದ ಸೇಲ್ಸ್ ಹೆಂಗಸರು ಗೋಡೆಯುದ್ದಕ್ಕೂ ನಿಂತಿದ್ದರು. ಯಜಮಾನರ ಹೆಂಡತಿ, ನಮ್ಮೆಲ್ಲರ ಯಜಮಾನಮ್ಮ, ಎಂದಿನಂತೆ ಗಲ್ಲಾದ ಹಿಂದೆ.

"ಕೂತ್ಕೋ... ಕೂತ್ಕೊಳ್ಳಿ," ಎಂದು ಯಜಮಾನರು ಮುಂದಿದ್ದ ಮೆತ್ತನೆಯ ಕುರ್ಚಿ ತೋರಿಸಿದರು.

ಕೂರಲು ಹೊರಟೆ. ಆಗಲಿಲ್ಲ. ಹಟವಲ್ಲ, ಪ್ರತಿಭಟನೆಯೂ ಅಲ್ಲ. ಆ ನೆಲದ ಮೇಲೆ, ಆ ಮನುಷ್ಯನ ಎದುರಿಗೆ, ನನ್ನ ಮಂಡಿ ಮಡಚುವುದನ್ನೇ ಮರೆತಿತ್ತು. ಇನ್ನೊಮ್ಮೆ ಯತ್ನಿಸಿದೆ. ಅರ್ಧ ಬಾಗಿ ಮತ್ತೆ ಸೆಟೆದು ನಿಂತೆ.

ಅತಿಥಿ ನಿಂತಿರುವಾಗ ತಾವು ಕೂರುವುದು ಹೇಗೆ ಎಂದು ಯಜಮಾನರು ಎದ್ದರು. ಅಧ್ಯಕ್ಷರು ಎದ್ದರೆಂದು ಮೊದಲ ಸಾಲು ಎದ್ದಿತು. ಮೊದಲ ಸಾಲು ಎದ್ದಿದ್ದಕ್ಕೆ ಉಳಿದವರೆಲ್ಲ ಎದ್ದು ತಲೆ ತಗ್ಗಿಸಿದರು.

"ಯಾರು ತೀರಿಕೊಂಡ್ರು?" ಎಂದು ಹಿಂದಿನಿಂದ ಒಬ್ಬರು ಪಿಸುಗುಟ್ಟಿದರು.

ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಗಿರಾಕಿ ಎದ್ದ ಕೂಡಲೇ ಕುರ್ಚಿ ಮಡಚಿ ಒಳಗಿಡಬೇಕು, ನೆಲ ವಿಶಾಲವಾಗಿ ಕಾಣಬೇಕು. ಉದ್ದಕ್ಕ ತಟ್ಟೆ ಕೆಳಗಿಟ್ಟಳು. ಮಿಕ್ಕವರೂ ಇಟ್ಟರು. ಟಪ್, ಟಪ್, ಟಪ್. ತಲೆ ತಗ್ಗಿಸಿದವರು ತಲೆಯೆತ್ತುವ ಹೊತ್ತಿಗೆ ಒಂದು ಕುರ್ಚಿಯೂ ಇರಲಿಲ್ಲ. ಎಲ್ಲವೂ ಥಾನುಗಳ ಹಿಂದೆ. ಅಭ್ಯಾಸಬಲವೋ ಕಿತಾಪತಿಯೋ, ಇವತ್ತಿಗೂ ಉದ್ದಕ್ಕ ಬಾಯಿ ಬಿಟ್ಟಿಲ್ಲ.

"ಭಾಷಣ ಶುರು ಮಾಡಿ, ಬೇಗ ಮುಗ್ಸಿ," ಎಂದರು ಯಜಮಾನರು.

ಬೇಗ ಮುಗಿಸುವುದು ನನ್ನ ಕೈಯಲ್ಲಿರಲಿಲ್ಲ. ಸಮಿತಿ ಒಪ್ಪಿದ ಭಾಷಣ, ಬೋರ್ಡು ತೆರಿಗೆಯ ಮೇಲೆ, ತಾತನ ತಿದ್ದುಪಡಿಗಳೆಲ್ಲ ಸೇರಿ ಉದ್ದುದ್ದ ಬೆಳೆದಿತ್ತು. ಒಂದಕ್ಷರ ಬಿಡುವ ಹಾಗಿಲ್ಲ. ಓದಿದೆ. ತೆರಿಗೆಯ ಇತಿಹಾಸ ಮುಗಿಯುವ ಹೊತ್ತಿಗೆ ಚಿನ್ನದಂಗಡಿಯವರು ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸಿದರು. ತೆರಿಗೆಯ ವರ್ಗಸ್ವರೂಪಕ್ಕೆ ಬಂದಾಗ ಪಾತ್ರೆ ಅಂಗಡಿಯವರು ಪಕ್ಕದವರ ಹೆಗಲು ಹಿಡಿದುಕೊಂಡರು. ಗೋಡೆಯ ಬಳಿಯ ಹೆಂಗಸರು ಮಾತ್ರ ಕಂಬಗಳ ಹಾಗೆ ನೆಟ್ಟಗೆ ನಿಂತು, ಎಲ್ಲವನ್ನೂ ಕಣ್ತುಂಬ ನೋಡುತ್ತಿದ್ದರು. ನನಗೆ ಒಳಗಿನಿಂದ ನಗು ಗುಳುಗುಳು ಏಳತೊಡಗಿತು. ಕಾಗದವನ್ನು ಮುಖಕ್ಕೆ ಹತ್ತಿರ ಹಿಡಿದು ಮುಂದುವರಿಸಿದೆ.

"ಅಯ್ಯೋ, ಯಾರಾದ್ರೂ ಒಂದು ಸ್ಟೂಲ್ ಕೊಡ್ರಪ್ಪಾ!" ಎಂದು ಚಿನ್ನದಂಗಡಿಯವರು ಕೂಗಿದರು.

ಮೊದಲು ಉದ್ದಕ್ಕ ನಕ್ಕಳು. ಗೋಡೆಗೆ ಗೋಡೆಯೇ ನಕ್ಕಿತು. ಗಲ್ಲಾದ ಹಿಂದೆ ಯಜಮಾನಮ್ಮ ಕರವಸ್ತ್ರ ಬಾಯಿಗೆ ತುರುಕಿಕೊಂಡರು.

"ಆಕ್ಷೇಪಣೆ!" ಬಾಗಿಲ ಬಳಿ ತಾತನ ಎಡಗೈ ಮೇಲೆದ್ದಿತು. "ಸ್ಟೂಲಿನ ಮಾತು ಎತ್ತಿದ್ದು ನಮ್ಮ ಅಭ್ಯರ್ಥಿ ಅಲ್ಲ. ವರ್ತಕರ ಸಂಘ!"

ಯಜಮಾನರ ಮುಖ ಕೆಂಪಾಯಿತು. ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಸ್ಟೂಲು ಗೀಲು ಎಲ್ಲ ತಮಾಷೆಗೆ ಅಂದಿದ್ದು ಅಂತ ಒಂದೇ ಒಂದು ಮಾತು ಹೇಳ್ಬಿಡಮ್ಮ. ಬೀದಿ ನಿಂದೇ."

ಬೀದಿ ನನ್ನದೇ. ಹಬೆಯ ಮೇಲೆ ಬರೆದದ್ದೆಲ್ಲ ಆ ಒಂದು ಮಾತಿನ ಆಚೆ ನಿಂತು ಕೈಬೀಸುತ್ತಿತ್ತು. ಎಷ್ಟು ಬೇಕಾಗಿತ್ತು ನನಗದು! ಕಾರ್ಯದರ್ಶಿಯ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಗೋಡೆಯ ಕಡೆ ನೋಡಿದೆ. ಅಲ್ಲಿ ಯಾರೂ ಮುಚ್ಚಿಕೊಂಡಿರಲಿಲ್ಲ.

"ಆ ವಿಷಯ ನಾನು ಮಾತಾಡೋ ಹಾಗಿಲ್ಲ ಯಜಮಾನ್ರೇ," ಎಂದೆ, ಎಲ್ಲರಿಗೂ ಕೇಳುವಂತೆ. "ನಿರ್ಣಯ ಆಗಿದೆ. ಬೇಡ ಅನ್ನೋಕೂ ಅದರ ಮಾತೇ ಎತ್ಬೇಕಲ್ಲ?"

ಉಳಿದ ಒಂದೂವರೆ ಪುಟವನ್ನು ಓದಿ ಮುಗಿಸಿ, ಕಾಗದ ಮಡಚಿ, ಹೋಗಿ ಗೋಡೆಯ ಬಳಿ ನಿಂತೆ. ಉದ್ದಕ್ಕ ಸರಿದು ಜಾಗ ಮಾಡಿಕೊಟ್ಟಳು. ಅದು ನನ್ನ ಹಳೆಯ ಜಾಗವೇ.

"ನಮ್ಮ ಬೀದಿಯಿಂದ ನಿಮಗೆ ಒಂದು ಮತಾನೂ ಇಲ್ಲ!" ಎಂದು ಯಜಮಾನರು ಕೂಗಿದ್ದು ಹೊರಗಿನವರೆಗೂ ಕೇಳಿಸಿತು.

ವಾಪಸು ಬರುವಾಗ ಕಾರ್ಯದರ್ಶಿ ಮುಂದೆ ಮುಂದೆ ನಡೆದರು. ಸೈಕಲ್ ಅಂಗಡಿ ಹತ್ತಿರ ಬಂದಾಗ ನಿಂತರು. ಬೈಯುತ್ತಾರೆಂದು ಕಾದೆ. "ತೆರಿಗೆಯ ವರ್ಗಸ್ವರೂಪ..." ಎಂದರು. ಹೊಟ್ಟೆ ಹಿಡಿದುಕೊಂಡು ಅಲ್ಲೇ ಟೈರುಗಳ ಮೇಲೆ ಕುಸಿದು ನಕ್ಕರು. ನಾನೂ ನಕ್ಕೆ. ನಡುವೆ ಕಣ್ಣಲ್ಲಿ ನೀರು ಬಂತು. ಸೋತಾಯಿತಲ್ಲ ಎಂಬ ದುಃಖವೂ ಅದರಲ್ಲಿತ್ತು, ಆದರೆ ನಗು ಅದನ್ನು ನಿಲ್ಲಗೊಡಲಿಲ್ಲ.

ಮತ ಎಣಿಕೆಯ ದಿನ ಸೋಲಿನ ಭಾಷಣವನ್ನು ಚೀಲದಲ್ಲಿಟ್ಟುಕೊಂಡು ಶಾಲೆಯ ಮೈದಾನಕ್ಕೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಕಾರ್ಯದರ್ಶಿ ಓಡಿ ಬಂದರು. ಒಂದು ಕಾಲಿನ ಚಪ್ಪಲಿ ಎಲ್ಲೋ ಕಳೆದಿತ್ತು.

"ಕಾಮ್ರೇಡ್, ಒಂದು ಸಮಸ್ಯೆ ಆಗಿದೆ."

"ಏನು?"

"ಗೆದ್ದಿದ್ದೀವಿ."

ಸ್ವಲ್ಪದರಲ್ಲಿ, ಕೂದಲೆಳೆಯಲ್ಲಿ, ಆದರೆ ಗೆದ್ದಿದ್ದೆವು. ಯಾರ ಮತದಿಂದ ಎಂದರೆ ಆಮೇಲೆ ಎಲ್ಲರೂ ತಮ್ಮತಮ್ಮದೆಂದರು. ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಯಜಮಾನಮ್ಮ ಬಂದು ನನ್ನ ಕಿವಿಯ ಹತ್ತಿರ ಬಾಗಿದರು. "ಮನೇಲಿ ಅವ್ರು ಬೇಡ ಅಂದ್ರು. ಮತ ಹಾಕೋ ಜಾಗದಲ್ಲಿ ಅವ್ರಿರ್ಲಿಲ್ವಲ್ಲ. ಬೇಗ ಸ್ಟೂಲ್ ತರ್ಸು. ಗಲ್ಲಾದಲ್ಲಿ ಕೂತೂ ಕೂತೂ ನನ್ನ ಸೊಂಟ ಹೋಯ್ತು. ಉದ್ದಕ್ಕನ್ನ ಕೂರ್ಸಿ ನಾನೊಂದಿಷ್ಟು ಓಡಾಡ್ಬೇಕು."

"ಭಾಷಣ! ಭಾಷಣ!" ಎಂದು ಜನ ಕೂಗಿದರು.

ನನ್ನ ಬಳಿ ಇದ್ದದ್ದು ಒಂದೇ ಭಾಷಣ. ಕಾರ್ಯದರ್ಶಿ ತಲೆ ಕೆರೆದುಕೊಂಡರು. "ಸಮಿತಿ ಒಪ್ಪಿದ್ದು ಇದೊಂದೇ. ಓದಿ."

"ಇದನ್ನಾ?"

"ನಿಯಮ ನಿಯಮವೇ."

ನಾನು ಗಿಡ್ಡ ಹೆಂಗಸು. ತುದಿಗಾಲಲ್ಲಿ ನಿಂತರೂ ಎರಡನೇ ಸಾಲಿನವರಿಗೆ ಕಾಣುವುದಿಲ್ಲ. ಉದ್ದಕ್ಕ ಎಲ್ಲಿಂದಲೋ ಒಂದು ಮರದ ಸ್ಟೂಲ್ ಹೊತ್ತು ತಂದು ನನ್ನ ಮುಂದೆ ಕುಕ್ಕಿದಳು. ಅವಳ ತೋಳು ಹಿಡಿದು ಹತ್ತಿದೆ. ಸ್ಟೂಲು ಗಡಗಡ ಅಲುಗಿತು, ನಾನೂ ಅಲುಗಿದೆ. ಮೈದಾನವೆಲ್ಲ ಒಮ್ಮೆಗೇ ಕಂಡಿತು.

"ಸ್ನೇಹಿತರೇ," ಎಂದು ಗಂಟಲು ಸರಿಮಾಡಿಕೊಂಡೆ, "ನಾವು ಸೋತಿದ್ದೇವೆ. ಆದರೆ ಕುಗ್ಗಿಲ್ಲ!"

ಮೈದಾನ ಭೋರ್ಗರೆಯಿತು. ಸಿಳ್ಳೆ, ಚಪ್ಪಾಳೆ. ಅದರ ನಡುವೆ ಒಂದು ಎಡಗೈ ಎದ್ದಿತು. "ಆಕ್ಷೇಪಣೆ! ತಿದ್ದುಪಡಿ ಮಂಡಿಸ್ತೀನಿ!" ಸಮಿತಿಯವರೆಲ್ಲ ನಡುಮೈದಾನದಲ್ಲೇ ಗುಂಪುಗೂಡಿ 'ಸೋತಿದ್ದೇವೆ' ಎಂಬುದನ್ನು ಮತಕ್ಕೆ ಹಾಕತೊಡಗಿದರು. ಅವರದು ಮುಗಿಯುವವರೆಗೆ ನಾನು ಮುಂದೆ ಓದುವಂತಿರಲಿಲ್ಲ. ಅಲ್ಲೇ ಕಾದೆ.

ಡ್ಯೂಟಿ ನಡುವೆ ಓಡಿ ಬಂದ ಗಂಡ, ಟಿಕೆಟ್ ಚೀಲ ಹೆಗಲಲ್ಲೇ ತೂಗುಹಾಕಿಕೊಂಡು, ಎರಡು ಕೈಯನ್ನೂ ಬಾಯಿಯ ಇಕ್ಕೆಲಕ್ಕೆ ಹಿಡಿದು ಕೂಗಿದ:

"ಲೇ, ಸ್ಟೂಲ್ ಸಿಕ್ಕಿದ್ಮೇಲೂ ನಿಂತೇ ಇದ್ದೀಯಲ್ಲೇ!"