ಜ್ವರಕ್ಕೆ ಕೂತ ಕಂಪ್ಯೂಟರ್

ಚಾಮರಾಜನಗರ ಜಿಲ್ಲೆಯಾದ ವರ್ಷ ನಾನು ಕುದೇರಿನಿಂದ ಅಲ್ಲಿದ್ದ ಚಿಕ್ಕಪ್ಪನ ಮನೆಗೆ ಬಂದೆ. ಚಿಕ್ಕಮ್ಮನಿಗೆ ಹೆರಿಗೆಯಾಗಿತ್ತು, ಕೈಗೊಬ್ಬರು ಬೇಕಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಅವ್ವನ ಜೊತೆ ರೇಷ್ಮೆಹುಳು ಸಾಕುತ್ತಿದ್ದವಳು ನಾನು. ಮನೆಗೆ ಯಾರಾದರೂ ಬಂದರೆ ಹುಳುವಿಗೆ ಸೊಪ್ಪು ಕೂಡಿಡುವ ಕೋಣೆ ಸೇರಿಕೊಳ್ಳುತ್ತಿದ್ದೆ.

ಚಿಕ್ಕಪ್ಪ ಶಿವರಾಮು ಕಚೇರಿಯಲ್ಲಿ ಟೈಪಿಸ್ಟ್. ಮೈಸೂರಿನಲ್ಲಿ ಯಾರೋ ಬೇಡವೆಂದು ಮೂಲೆಗೆಸೆದಿದ್ದ ಕಂಪ್ಯೂಟರನ್ನು ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಕಪ್ಪು ಪರದೆ, ಹಸಿರು ಅಕ್ಷರ. ಕೀಲಿ ಒತ್ತಿದ ಮೇಲೆ ಅಕ್ಷರ ಬರುವುದೋ ಬೇಡವೋ ಎಂದು ಯೋಚಿಸಿ ಬರುತ್ತಿತ್ತು. ಊರಿನವರ ಆಮಂತ್ರಣ, ಕರಪತ್ರಗಳನ್ನು ಅದರಲ್ಲೇ ಟೈಪ್ ಮಾಡಿ, ಒಂದು ಪ್ರತಿ ಪ್ರಿಂಟ್ ತೆಗೆದು ಕೊಡುತ್ತಿದ್ದರು. ಜನ ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಬಣ್ಣದ ಹಾಳೆಗೆ ಹಾಕಿಸಿಕೊಳ್ಳುತ್ತಿದ್ದರು.

ತೊಟ್ಟಿಲು ತೂಗುತ್ತಾ ನೋಡಿ ನೋಡಿಯೇ ನಾನೂ ಕಲಿತೆ. ದೀಪಾವಳಿ ಹೊತ್ತಿಗೆ ಹೆಚ್ಚಿನ ಕೆಲಸ ನನ್ನದೇ ಆಗಿತ್ತು. ಬಾಗಿಲಲ್ಲಿ ಮಾತಾಡುವವರು ಚಿಕ್ಕಪ್ಪ, ಒಳಗೆ ಕೂತು ಒತ್ತುವವಳು ನಾನು. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಅಂಥ ಕೆಲಸವೊಂದು ಲೋಕದಲ್ಲಿ ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ.

"ನೀನೂ ಅದೂ ಒಂದೇ ಕಣಮ್ಮಿ," ಎಂದು ಚಿಕ್ಕಮ್ಮ ನಗುತ್ತಿದ್ದರು. "ಇವತ್ತು ಕೂಗುದ್ರೆ ನಾಳೆ ಓ ಅಂತೀರಿ."

ಅದು ಆಗಾಗ ನಿಂತುಬಿಡುತ್ತಿತ್ತು. ಚಿಕ್ಕಪ್ಪನಾದರೆ ಸಿಕ್ಕ ಕೀಲಿಯನ್ನೆಲ್ಲ ಕುಟ್ಟುತ್ತಿದ್ದರು, ಅದು ಕೀಂಕೀಂ ಎಂದು ಅರಚುತ್ತಿತ್ತು. ನಾನು ಹಾಗಲ್ಲ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿ ಕದಲದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಅವ್ವ ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ಅದಾಗಿಯೇ ಏಳುತ್ತದೆ, ಎದ್ದ ಮೇಲೆ ಮುಂಚಿಗಿಂತ ಚೆನ್ನಾಗಿ ಮೇಯುತ್ತದೆ. ಕಂಪ್ಯೂಟರ್ ನಿಂತಾಗ ನಾನೂ ಕೈ ಕಟ್ಟಿ ಕೂರುತ್ತಿದ್ದೆ. ಅದೂ ಏಳುತ್ತಿತ್ತು.

ಆ ಶುಕ್ರವಾರ ಏಳಲಿಲ್ಲ. ಗುಂಡ್ಲುಪೇಟೆಯ ಅರಿಶಿನ ವ್ಯಾಪಾರಿ ಮರಿಮಲ್ಲಪ್ಪನವರ ಗೃಹಪ್ರವೇಶದ ಆಮಂತ್ರಣ ಮುಗಿಯುತ್ತಾ ಬಂದಿತ್ತು. ಪರದೆ ನಿಂತಿತು. ನಾನು ಕಾದೆ. ಮಗುವಿಗೆ ನೀರು ಹಾಕಿ ಬಂದೆ, ನಿಂತೇ ಇತ್ತು. ಸಾರಿಗೆ ಒಗ್ಗರಣೆ ಕೊಟ್ಟು ಬಂದೆ, ನಿಂತೇ ಇತ್ತು.

ಸಂಜೆ ಚಿಕ್ಕಪ್ಪ ಬಂದವರೇ ಕೇಳಿದರು. "ಯಾವಾಗಿಂದಮ್ಮಿ ಇಂಗೆ?"

"ಮಧ್ಯಾನದಿಂದ."

"ಅಲ್ಲೀಗಂಟ ಏನ್ ಮಾಡ್ತಿದ್ದೆ?"

"ಜ್ವರಕ್ಕೆ ಕೂತದೆ ಅಂತ... ಕಾಯ್ತಿದ್ದೆ."

ಒಳಗಿಂದ ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಕೀಬೋರ್ಡಿನ ಅಂಚಿನ ಒಂದು ಕೀಲಿ ಒತ್ತಿ ತೋರಿಸಿದರು. "ಇದ ಒತ್ತುದ್ರೆ ಈ ಚಿಕ್ ಲೈಟು ಹತ್ಬೇಕು. ಹತ್ತುದ್ರೆ ಉಸುರದೆ, ಕಾಯಿ. ಹತ್ನಿಲ್ವಾ, ಸತ್ತೋಗದೆ. ಆರಿಸಿ ಮೊದಲಿಂದ ಸುರು ಮಾಡ್ಬೇಕು." ಲೈಟು ಹತ್ತಿರಲಿಲ್ಲ. ಟೈಪ್ ಮಾಡಿದ್ದೆಲ್ಲ ಹೋಗಿತ್ತು.

"ಸಾಕಾಯ್ತು ಬುಡು. ನಾಳೆ ಇದ ಗುಜರಿಗಾಕ್ತೀನಿ, ನಿನ್ನ ಕುದೇರು ಬಸ್ ಹತ್ತಿಸ್ತೀನಿ."

ಅಷ್ಟರಲ್ಲಿ ಮರಿಮಲ್ಲಪ್ಪನವರೇ ಬಾಗಿಲಿಗೆ ಬಂದರು. "ಆಯ್ತಾ ಶಿವರಾಮು? ಕಡೇ ಬಸ್ಸಿಗೆ ಓಗ್ಬೇಕು ಕಣಯ್ಯಾ."

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಕುರ್ಚಿ ಎಳೆಯಲು ಅವರು ಕೈ ಚಾಚುವ ಮೊದಲೇ ನಾನು ಕೂತಿದ್ದೆ. "ನಾನೇ ಮಾಡ್ತೀನಿ ಚಿಕ್ಕಪ್ಪ." ಹೊರಗಿನವರ ಮುಂದೆ ಬಾಯಿ ಬಿಟ್ಟೆನೆಂದು ತಿಳಿದದ್ದು ಆಮೇಲೆ.

ಮರಿಮಲ್ಲಪ್ಪನವರು ನನ್ನ ಬೆನ್ನ ಹಿಂದೆಯೇ ಸ್ಟೂಲ್ ಹಾಕಿಸಿಕೊಂಡು ಕೂತರು. ಕಾಫಿ ಬೇಡ ಎಂದರು. ನಾನು ಸೆರಗನ್ನು ಬೆನ್ನ ತುಂಬ ಎಳೆದುಕೊಂಡೆ. ಸಾಲಿಗೊಮ್ಮೆ ಫ್ಲಾಪಿಗೆ ಉಳಿಸುತ್ತಾ ಹೋದೆ. ಉಳಿಸುವಾಗಲೆಲ್ಲ ಅದು ಗರಗರ ಅಂದು ನಿಲ್ಲುತ್ತಿತ್ತು.

"ಇದೇನಯ್ಯಾ ಶಿವರಾಮು, ಎತ್ತಿನ ಗಾಡಿಯಾ?"

"ಎತ್ತಾಗಿದ್ರೆ ಬಾಲನಾದ್ರೂ ತಿರುವ್ಬೋದಿತ್ತು ಯಜಮಾನ್ರೇ."

ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲದೆ ಅವರು ಪರದೆಯ ಮೇಲಿನ ಹೆಸರುಗಳನ್ನು ಓದತೊಡಗಿದರು. ಹೆಂಡತಿ ಗಂಗಾಂಬಿಕೆ, ಮಗ ಸೋಮೇಶ್, ತಮ್ಮಂದಿರು, ಭಾವಮೈದಂದಿರು. ಮತ್ತೆ ಗರಗರ. ಮತ್ತೆ ಮೊದಲಿಂದ ಓದಿದರು. ಮೂರನೆಯ ಸಲ ನಡುವೆಯೇ ನಿಲ್ಲಿಸಿದರು. ಪರದೆಯ ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು. ತುಟಿ ಅಲ್ಲಾಡುತ್ತಿತ್ತು.

"ಕಾಫಿ ಕೊಡವ್ವಾ," ಎಂದರು ಚಿಕ್ಕಮ್ಮನಿಗೆ. ಕುಡಿದು ಲೋಟ ಕೆಳಗಿಟ್ಟರು. "ಚಂದಕವಾಡೀಲಿ ನಮ್ಮಕ್ಕ ಅವ್ಳೆ, ಶಿವರುದ್ರಮ್ಮ ಅಂತ. ನನ್ನ ಎತ್ತಿ ಆಡ್ಸದವ್ಳು. ಸೋಮೇಶನ ಮದ್ವೇಲಿ ಬಳೆ ತೊಡ್ಸಕ್ಕೆ ಮೊದ್ಲು ಕರೀನಿಲ್ಲ ಅಂತ ಎದ್ದೋದ್ಲು. ಅವತ್ತಿಂದ ಅವ್ಳೂ ಬರ್ನಿಲ್ಲ, ನಾನೂ ಓಗ್ನಿಲ್ಲ."

ನಾನು ತಿರುಗದೆಯೇ ಕೇಳಿದೆ. "ಅವ್ರೆಸ್ರು ಎಲ್ಲಿಗಾಕ್ಲಿ?"

ಮರಿಮಲ್ಲಪ್ಪನವರು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಮೇಲ್ಕಾಕವ್ವಾ. ನನ್ನೆಸ್ರಿಗಿಂತ ಮೇಲ್ಕೆ."

ಹಾಕಿದೆ. ಕೆಳಗಿನ ಸಾಲುಗಳೆಲ್ಲ ಒಂದೊಂದಾಗಿ ಜರುಗಬೇಕಿತ್ತು. ಅರ್ಧ ಜರುಗಿ ಪರದೆ ನಿಂತಿತು.

ಚಿಕ್ಕಪ್ಪ ಹಣೆ ಚಚ್ಚಿಕೊಂಡರು. "ತಗೋ. ಆರಿಸ್ಬುಡು, ಬಸ್ಸು ಓಯ್ತದೆ."

ಕೈ ಸ್ವಿಚ್ಚಿನ ತನಕ ಹೋಯಿತು. ಆಮೇಲೆ ಅಂಚಿನ ಆ ಕೀಲಿ ಒತ್ತಿದೆ. ಲೈಟು ಹತ್ತಿತು.

"ಉಸುರದೆ," ಎಂದೆ.

"ಉಸುರಿದ್ರೆ ಇರ್ಲಿ ಬುಡು," ಎಂದರು ಮರಿಮಲ್ಲಪ್ಪನವರು. "ಅವ್ಳೆಸ್ರಾಕಿ ಮತ್ತೆ ಆರ್ಸುದ್ರೆ ಚೆಂದಾಗಿರಕಿಲ್ಲ."

ನಾವು ನಾಲ್ವರೂ ಹಸಿರು ಸಾಲುಗಳನ್ನೇ ನೋಡುತ್ತಾ ಕೂತೆವು. ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮರಿಮಲ್ಲಪ್ಪನವರು ಬಾಗಿಲ ಕಡೆ ಒಮ್ಮೆ ನೋಡಿ, ಹೆಗಲ ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಂಡು ಅಲುಗದೆ ಕೂತರು. ಕೊನೆಗೆ ಒಂದು ಸಾಲು ಜರುಗಿತು. ಇನ್ನೊಂದು. ಪ್ರಿಂಟರ್ ಕಿರಚುತ್ತಾ ಹಾಳೆಯನ್ನು ಹೊರಗೆ ತಳ್ಳಿತು.

ಮರಿಮಲ್ಲಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. "ಗುಂಡ್ಲುಪೇಟೆ ಬಸ್ಸಂತೂ ಓಯ್ತು. ಚಂದಕವಾಡಿಗೆ ಇನ್ನೂ ಬಸ್ಸದಲ್ವಾ ಶಿವರಾಮು?"

"ಅದೆ ಯಜಮಾನ್ರೇ. ಆದ್ರೆ ಜೆರಾಕ್ಸು?"

"ಜೆರಾಕ್ಸು ನಾಳೆ. ಮೊದ್ಲು ಅವ್ಳು ನೋಡ್ಲಿ. ಬಾಗ್ಲು ತೆಗೀನಿಲ್ಲ ಅಂದ್ರೆ ಜಗುಲಿ ಮೇಲೆ ಮನೀಕತೀನಿ."

ಮರುದಿನ ಬೆಳಿಗ್ಗೆ ನಾನು ಬಟ್ಟೆ ಮಡಿಸಿಟ್ಟುಕೊಂಡು ಕಾದೆ. ಚಿಕ್ಕಪ್ಪ ಗುಜರಿಯ ಮಾತೂ ಎತ್ತಲಿಲ್ಲ, ಬಸ್ಸಿನ ಮಾತೂ ಎತ್ತಲಿಲ್ಲ. ಕಂಪ್ಯೂಟರಿನ ಧೂಳು ಒರೆಸಿ ಗಡ್ಡ ಹೆರೆಯಲು ಕೂತರು. ಬಾಗಿಲಲ್ಲಿ ಯಾರೋ ಕೆಮ್ಮಿದರು. ನಾನು ಅಭ್ಯಾಸದಂತೆ ಒಳಗೆ ಸರಿಯುತ್ತಿದ್ದೆ.

"ನನ್ನ ಮೊಕದ ತುಂಬ ಸೋಪು ಕಣಮ್ಮಿ," ಎಂದರು ಚಿಕ್ಕಪ್ಪ ಕನ್ನಡಿಯಿಂದ ಕಣ್ಣು ತೆಗೆಯದೆ. "ಏನ್ ಟೈಪ್ ಮಾಡ್ಬೇಕಂತೆ, ನೀನೇ ಓಗಿ ಕೇಳು. ಎರಡು ದಿನ ಬೇಕಾಯ್ತದೆ ಅಂತಾನೂ ಯೋಳ್ಬುಡು."

ನಾನು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋದೆ.