ಮಂಡಿ ಮನೆಯ ಊಟ

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು ಮುಳುಗುತ್ತಿದ್ದಾನೆ ಎಂಬ ಸುದ್ದಿ ಮೊದಲು ಹೊರಡುವುದು ಬ್ಯಾಂಕಿನಿಂದಲ್ಲ, ಅವನ ಅಡುಗೆಮನೆಯಿಂದ. ಹರಾಜಿನ ದಿನ ಮಾಲು ತಂದ ರೈತರಿಗೆ ಹಾಲಸ್ವಾಮಿಯ ಮಂಡಿಯಲ್ಲಿ ಊಟ ಹಾಕುವುದು ಅವನ ಅಪ್ಪನ ಕಾಲದಿಂದ ಬಂದದ್ದು. ಉಂಡು ಎಲೆಅಡಿಕೆ ಹಾಕಿಕೊಂಡ ಮೇಲೆಯೇ ಗಾಡಿಯಿಂದ ಮೂಟೆ ಇಳಿಸುವುದು. ಪಾಯಸ ಒಂಚೂರು ತೆಳ್ಳಗಾದರೂ ಸಾಕು, ಸಂಜೆಯ ಬಸ್ಸಿನಲ್ಲೇ ಸುದ್ದಿ ಶೆಟ್ಟಿಕೆರೆ ಮುಟ್ಟುತ್ತದೆ. ಹಾಗಾಗಿ ಎಂಬತ್ತೆರಡರ ಬೇಸಿಗೆಯಲ್ಲಿ ವ್ಯಾಪಾರ ನೆಲ ಕಚ್ಚಿದರೂ ಅವನ ಹೆಂಡತಿ ದ್ರಾಕ್ಷಾಯಣಮ್ಮ ಪಾಯಸಕ್ಕೆ ತುಪ್ಪ ಸುರಿಯುತ್ತಲೇ ಇದ್ದಳು.

ನೆಲ ಕಚ್ಚಿದ್ದು ಹೇಗೆ ಅಂದರೆ, ಹಾಲಸ್ವಾಮಿ ದೆಹಲಿ ಕಡೆಯ ವ್ಯಾಪಾರಿಯೊಬ್ಬನನ್ನು ನಂಬಿ ಲಾರಿಗಟ್ಟಲೆ ಕೊಬ್ಬರಿಯನ್ನು ಸಾಲದ ಮೇಲೆ ಕಳಿಸಿದ. ಕೊಬ್ಬರಿ ಹೋಯಿತು, ವ್ಯಾಪಾರಿಯೂ ಹೋದ. ಆ ಕೊಬ್ಬರಿಯಾದರೂ ಹಾಲಸ್ವಾಮಿಯದೇ? ರೈತರದು. ಮಾರಿದ ದುಡ್ಡನ್ನು ಮಂಡಿಯಲ್ಲೇ ಬಿಟ್ಟು, ಮದುವೆಗೋ ಬಾವಿಗೋ ಬೇಕಾದಾಗ ಬಂದು ಪಡೆಯುವ ಜನ ಅವರು. ಎಲ್ಲರೂ ಒಟ್ಟಿಗೆ ಬಂದು ಕೇಳಿದರೆ ಅಲ್ಲಿಗೆ ಮುಗಿಯಿತು. ಕೇಳದಿರಲಿ ಅಂತಲೇ ಊಟ ನಡೆದಿತ್ತು.

ಸಾಲ ಕೊಟ್ಟವರಿಗೆ ಉಣ್ಣಿಸಲು ಮತ್ತೆ ಸಾಲ! ಎಂಥ ಬಾಳು. ದಿನಸಿ ಅಂಗಡಿಯ ಶ್ರೀರಂಗಯ್ಯ ಮೊದಲೆಲ್ಲ "ನಿಧಾನಕ್ಕೆ ಕೊಡಿ ತಾಯಿ" ಅನ್ನುತ್ತಿದ್ದವನು ಈಗ ಸುಮ್ಮನೆ ತಲೆ ತಗ್ಗಿಸಿ ತೂಗುತ್ತಿದ್ದ. ದ್ರಾಕ್ಷಾಯಣಮ್ಮ ಜನರ ಕಣ್ಣಿಗೆ ಕಾಣದ ಕಡೆಯೆಲ್ಲ ಕೈ ಬಿಗಿ ಹಿಡಿದಳು. ಜಗಲಿಗೆ ಗಟ್ಟಿ ಕಾಫಿ, ಒಳಗಿನವರಿಗೆ ಬೆಲ್ಲದ ನೀರು. ಬೆಳ್ಳಿ ತಟ್ಟೆಗಳನ್ನು ತುಮಕೂರಿಗೆ ಒಯ್ದು ಮಾರಿದಳು, ಇಲ್ಲೇ ಮಾರಿದರೆ ಪೇಟೆಗೆಲ್ಲ ಗೊತ್ತಾಗುತ್ತದಲ್ಲ. ಇಲ್ಲದ್ದಕ್ಕೆ ಅವಳು ಹೆದರಿರಲಿಲ್ಲ. ಇದೆ ಅಂತ ತೋರಿಸಿ ತೋರಿಸಿ ಸುಸ್ತಾಗಿದ್ದಳು.

ಮಳೆಗಾಲ ಹಿಡಿದ ಮೇಲಿನ ಒಂದು ಶುಕ್ರವಾರ ಹಾಲಸ್ವಾಮಿ ವಕೀಲರ ಮನೆಯಿಂದ ಬಂದವನು ಅಂಗಿ ಕೂಡ ಬಿಚ್ಚದೆ ಕೂತ.

"ಪಾಪರ್ ಅರ್ಜಿಗೆ ಸೈನ್ ಹಾಕ್ಬಂದೆ ಕಣೇ. ಸೋಮ್ವಾರ ಕೋರ್ಟಿಗೆ ಕೊಡ್ತಾರೆ. ಇರೋದ್ನೆಲ್ಲ ಮಾರಿ ಎಲ್ಲಾರ್ಗೂ ಒಂದಿಷ್ಟು ಹಂಚ್ತಾರಂತೆ."

"ಹಂಗಾರೆ ನಾಳೆ ಯಾರ ಮಾಲೂ ಇಳಿಸ್ಬ್ಯಾಡಿ."

ಅವನು ಹೆಂಡತಿಯ ಮುಖ ನೋಡಲಿಲ್ಲ. "ದಂಡಿನಶಿವರದ ನಿಂಗಮ್ಮ ಗಾಡಿ ತತ್ತಾಳಂತೆ. ಅದೊಂದು ಮಾರ್ಕೊಂಡ್ರೆ ಆರು ತಿಂಗಳು ಮನೆ ನಡೀತದೆ. ಅರ್ಜಿ ಬಿದ್ಮ್ಯಾಲೆ ನಮಗೆ ಯಾರು ಕಣೇ ಒಂದು ಸೇರು ಅಕ್ಕಿ ಕೊಡ್ತಾರೆ?"

"ಗಂಡ ಇಲ್ದೋಳು ಕಣ್ರೀ ಅವಳು. ಮಗಳ ಮದುವೆಗೆ ಅಂತ ಹೋದ್ವರ್ಷದ ದುಡ್ಡೂ ನಮ್ಮತ್ರಾನೇ ಬಿಟ್ಟವಳೆ."

"ಗೊತ್ತು ಬುಡು," ಅಂದು ಗೋಡೆ ಕಡೆ ತಿರುಗಿ ಮಲಗಿದ. ಹಾಲಸ್ವಾಮಿ ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ. ಹೆದರಿದವನ ಮುಂದೆ ನ್ಯಾಯ ಹೇಳಿ ಏನು ಪ್ರಯೋಜನ?

ಶನಿವಾರ ನಿಂಗಮ್ಮನ ಗಾಡಿ ಬಂದು ಮಂಡಿ ಮುಂದೆ ನಿಂತಿತು. ವರ್ಷವಿಡೀ ಅಟ್ಟದ ಮೇಲೆ ಒಲೆಯ ಹೊಗೆ ಕುಡಿದು ಒಣಗಿದ ಕೊಬ್ಬರಿ, ಒಳ್ಳೆ ಮಾಲು. ಅವಳು ಕಾಲು ತೊಳೆದುಕೊಂಡು, ಮಂಡಿಗೆ ಅಂಟಿಕೊಂಡೇ ಇದ್ದ ಮನೆಯ ನಡುಮನೆಗೆ ನೇರ ಬಂದಳು.

"ಯಾರ್ಯಾರೋ ಏನೇನೋ ಅಂದ್ರು ಕಣ್ರವ್ವ, ಹಾಲಸ್ವಾಮಿ ಕೈ ಎತ್ತುತಾನೆ ಅಂತ. ಹೋದ್ವಾರ ನಿಮ್ಮನೇಲಿ ಉಂಡೋರ್ನ ಕೇಳ್ದೆ. ಗಸಗಸೆ ಪಾಯಸ ಇಕ್ಕಿದ್ರು, ತುಪ್ಪ ತೇಲ್ತಿತ್ತು ಅಂದ್ರು. ಅಯ್ಯೋ, ಹಂಗಾರೆ ಏನೂ ಆಗಿಲ್ಲ ಬುಡು ಅಂತ ಗಾಡಿ ಕಟ್ಟಿಸ್ದೆ."

ದ್ರಾಕ್ಷಾಯಣಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಜಗಲಿಯ ತುಂಬ ಜನ ಕೂತಿದ್ದಾರೆ, ಗಂಡನ ಮಾನ ಅವರ ಮುಂದೆ ಬಾಯಿಬಿಟ್ಟು ಕಳೆಯಲು ಅವಳಿಗೆ ನಾಲಿಗೆ ಏಳಲಿಲ್ಲ. ಅಡುಗೆಮನೆಗೆ ಹೋಗಿ ನೆನೆಹಾಕಿದ್ದ ಗಸಗಸೆಯನ್ನು ಪಕ್ಕಕ್ಕೆ ಸರಿಸಿದಳು. ರಾಗಿ ಹಿಟ್ಟಿನ ಡಬ್ಬ ತೆಗೆದಳು. ಮುದ್ದೆ ತೊಳಸಿ, ತೆಳ್ಳನೆ ಹುರುಳಿ ಸಾರು ಮಾಡಿ, ನಡುಮನೆಯಲ್ಲಿ ನಿಂಗಮ್ಮನಿಗೂ ಜಗಲಿಯಲ್ಲಿ ಎಲ್ಲರ ಎಲೆಗೂ ತಾನೇ ಬಡಿಸಿದಳು. ಅನ್ನವಿಲ್ಲ, ತುಪ್ಪವಿಲ್ಲ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೆಟ್ಟಿಕೆರೆಯ ಹಿರಿಯ ಕರಿಬಸವಯ್ಯ ಮೆಲ್ಲಗೆ ಕೇಳಿದ, "ಪಾಯಸ ಹಿಂದೆ ಬತ್ತದಾ ತಾಯಿ?"

"ಇಲ್ಲ ಕಣಪ್ಪ. ಬೇಸಿಗೆಯಿಂದ ನಾವು ಉಣ್ತಿರೋದು ಇದೇ."

ಕರಿಬಸವಯ್ಯ ಅರ್ಧಕ್ಕೇ ಕೈ ತೊಳೆದು ಎದ್ದ, ಉಳಿದವರೂ ಎದ್ದರು. ಬಾಗಿಲಲ್ಲಿ ನಿಂತಿದ್ದ ಹಾಲಸ್ವಾಮಿ ಹೆಂಡತಿಯನ್ನು ಒಮ್ಮೆ ನೋಡಿ ಅವರ ಹಿಂದೆಯೇ ಮಂಡಿಗೆ ನಡೆದ. ಸ್ವಲ್ಪ ಹೊತ್ತಿಗೆಲ್ಲ ಅಲ್ಲಿಂದ ಕೂಗಾಟ ಕೇಳಿಸಿತು.

ನಡುಮನೆಯಲ್ಲಿ ನಿಂಗಮ್ಮ ಎಲೆಯ ಮುಂದೆ ಕೂತೇ ಇದ್ದಳು. ದ್ರಾಕ್ಷಾಯಣಮ್ಮ ಎದುರಿಗೆ ಬಂದು ಕೂತಳು.

"ಗಾಡಿ ತಿರುಗಿಸ್ಕೊಂಡು ಹೋಗು ನಿಂಗಮ್ಮ. ಇಲ್ಲಿ ಇಳಿಸ್ಬ್ಯಾಡ."

"ಈ ವರ್ಷದ್ದು ಉಳಿಸ್ಕೊಟ್ರಿ ಬುಡಿ. ಹೋದ್ವರ್ಷದ್ದು?"

"ಕೋರ್ಟಿನೋರು ಒಂದಿಷ್ಟು ಕೊಡಿಸ್ತಾರಂತೆ."

ನಿಂಗಮ್ಮ ಬೈದಿದ್ದರೆ ದ್ರಾಕ್ಷಾಯಣಮ್ಮನಿಗೆ ಹಗುರವಾಗುತ್ತಿತ್ತೇನೋ, ಬೈಯಲಿಲ್ಲ.

"ಬೇಸಿಗೆಯಿಂದ ಊರೋರ್ಗೆಲ್ಲ ನೀವು ಇಕ್ಕಿದ್ದು ನನ್ ಮಗಳ ಮದುವೆ ಊಟ ಕಣ್ರವ್ವ," ಅಂದಳು. "ನನ್ನೇ ಕರೀನಿಲ್ಲ ನೋಡಿ."

ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಎಲೆಯಲ್ಲಿ ಏನೂ ಬಿಡದೆ ಉಂಡಳು.