ಮುಟ್ಟಬಾರದ ಸೆಟ್ಟಿಂಗು

ಚಿಕ್ಕಪ್ಪನ ಮುದ್ರಣದಂಗಡಿಯ ಕಂಪ್ಯೂಟರಿನ ಹಣೆಗೆ ಒಂದು ಚೀಟಿ ಅಂಟಿತ್ತು: ‘ಸೆಟ್ಟಿಂಗ್ ಮುಟ್ಟಿದವರ ಕೈ ಕತ್ತರಿಸಲಾಗುವುದು.’ ಕಾಗದ ಕತ್ತರಿಸುವ ಯಂತ್ರ ಪಕ್ಕದಲ್ಲೇ ಇದ್ದುದರಿಂದ ಯಾರೂ ಪರೀಕ್ಷಿಸಲು ಹೋಗಿರಲಿಲ್ಲ.

ಅವರ ಅಣ್ಣನ ಮಗಳು ಪುಟ್ಟಿ ಅದೇ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮ್ ಬರೆದಿದ್ದಳು. ಗಾಯನ ಸ್ಪರ್ಧೆಗೆ ನಾನಾ ದೇಶಗಳಿಂದ ಬರುವವರ ಹೆಸರುಗಳನ್ನು ಎದೆಗೆ ಸಿಕ್ಕಿಸುವ ಬಿಲ್ಲೆಗಳಲ್ಲಿ ಅದು ತಾನಾಗಿ ಜೋಡಿಸಬೇಕು. ಜೋಡಿಸುತ್ತಲೂ ಇತ್ತು. ಆದರೆ ಇಂಗ್ಲಿಷಿನಲ್ಲಿಲ್ಲದ, ನೆತ್ತಿಯ ಮೇಲೆ ಗೀಟನ್ನೋ ಚುಕ್ಕೆಯನ್ನೋ ಹೊತ್ತ ಅಕ್ಷರ ಬಂದಲ್ಲೆಲ್ಲ, ಪ್ರೋಗ್ರಾಮ್ ಬರೆಯುವ ಎಡಿಟರಿನ ಔಟ್‌ಪುಟ್ ಕಿಟಕಿಯಲ್ಲಿ ಒಂದರ ಬದಲು ಎರಡು ಅಪರಿಚಿತ ಅಕ್ಷರಗಳು ಹಲ್ಲು ಕಿರಿಯುತ್ತಿದ್ದವು. ಪರದೆಯಲ್ಲಿ ಸರಿ ಕಾಣದ್ದನ್ನು ಕಾಗದಕ್ಕೆ ಇಳಿಸಬಾರದೆಂಬುದು ಅಂಗಡಿಯ ಶಾಸನ. ಹೀಗಾಗಿ ಪುಟ್ಟಿ ಪ್ರೋಗ್ರಾಮಿಗೇ ಮದ್ದು ಹಾಕಿದಳು. ಅಕ್ಷರಗಳನ್ನು ಬೇರೆ ಸಂಕೇತಪದ್ಧತಿಗೆ, ಅಂದರೆ ಬೇರೆ ಎನ್‌ಕೋಡಿಂಗಿಗೆ ಬದಲಿಸಿದಳು. ಕಿಟಕಿ ಸರಿಹೋಯಿತು. ಪ್ರಿಂಟ್ ಕೊಟ್ಟರೆ ಬಿಲ್ಲೆಯ ತುಂಬ ಪ್ರಶ್ನಾರ್ಥಕ ಚಿಹ್ನೆ.

“ಸಾಕು ಮಹಾರಾಯ್ತಿ,” ಎಂದರು ಚಿಕ್ಕಪ್ಪ. “ಆ ಗೀಟು ಚುಕ್ಕೆ ಎಲ್ಲಾ ಕಿತ್ತಾಕು. ಊಟದ ಹೊತ್ತಿಗೆ ಆಗ್ಲಿಲ್ಲ ಅಂದ್ರೆ ನಿನ್ನ ಪ್ರೋಗ್ರಾಮಿಗೆ ಇವತ್ತೇ ಕೊನೆ. ಮೊದಲಿನ ಹಾಗೆ ಕೈಯಲ್ಲೇ ಟೈಪ್ ಮಾಡೋಣ.”

ಬಿಲ್ಲೆಗಳಿಗಾಗಿ ಬಂದು ಕೂತಿದ್ದ, ಊರಲ್ಲೇ ನೆಲೆಸಿ ಕನ್ನಡ ಕಲಿತ ವಿದೇಶಿ ಗಾಯಕಿ ತಲೆಯೆತ್ತಿದರು. “ಕಿತ್ತಾಕೋಕೆ ಅದೇನು ಕಳೆನಾ? ನನ್ನ ಹೆಸರು ಸ್ವಾಮಿ ಅದು. ಹೋದ ಸಲ ನೀವು ಕೈಯಲ್ಲೇ ಟೈಪ್ ಮಾಡಿ ನಡುವೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರಿ. ನಿಮ್ಮ ಹೆಸರು ನಿಮಗೇ ಗ್ಯಾರಂಟಿ ಇಲ್ವಾ ಅಂತ ಸಭೆಯೆಲ್ಲ ಕೇಳ್ತು.”

ಪುಟ್ಟಿಯ ಬೆರಳು ನಿಂತಿತು. ಪ್ರಶ್ನಾರ್ಥಕ ಚಿಹ್ನೆ ಕಾಗದದ ಕಾಯಿಲೆ. ಹಲ್ಲು ಕಿರಿಯುವುದು ಕಿಟಕಿಯ ಕಾಯಿಲೆ. ಮದ್ದಿಲ್ಲದ ಪ್ರೋಗ್ರಾಮ್ ಕಾಗದದ ಮೇಲೆ ಏನು ಅಚ್ಚೊತ್ತುತ್ತದೆಂದು ಈವರೆಗೆ ಯಾರು ನೋಡಿದ್ದಾರೆ?

ಹಾಕಿದ್ದ ಮದ್ದನ್ನೆಲ್ಲ ಅಳಿಸಿದಳು. ಕಿಟಕಿಯಲ್ಲಿ ಹಲ್ಲುಗಳು ಮರಳಿದವು. ಪ್ರಿಂಟ್ ಒತ್ತಿಯೇಬಿಟ್ಟಳು.

“ಏ, ಪರದೆ ನೋಡೇ! ಕಾಗದ ದಂಡ!”

“ಇರಿ ಚಿಕ್ಕಪ್ಪ.”

ಬಿಸಿಬಿಸಿ ಬಿಲ್ಲೆ ಹೊರಬಂತು. ಗಾಯಕಿ ಅದನ್ನು ಕಸಿದುಕೊಂಡು ಕನ್ನಡಕ ಏರಿಸಿದರು. ಗೀಟು ತನ್ನ ಅಕ್ಷರದ ಮೇಲೆ, ಸರಿಯಾದ ಕಡೆಗೇ ವಾಲಿ ನಿಂತಿತ್ತು.

“ಪ್ರೋಗ್ರಾಮ್ ಮೊದಲಿಂದ್ಲೂ ಸರಿಯಾಗೇ ಇತ್ತು!” ಪುಟ್ಟಿ ಕುರ್ಚಿಯಿಂದ ಹಾರಿದಳು. “ಕಿಟಕೀನೇ ಸುಳ್ಳು ಹೇಳ್ತಿದ್ದದ್ದು. ಎಡಿಟರಿಗೆ ಯಾರೋ ಯಾವ ಕಾಲದ್ದೋ ಎನ್‌ಕೋಡಿಂಗ್ ಕಟ್ಟಿಹಾಕಿದಾರೆ.”

‘ಯಾರೋ’ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. “ಅದು... ಆ ಪ್ರಿಂಟರಿಗೆ ಅಂತ ಇಟ್ಟಿದ್ದು.”

“ಯಾವ ಪ್ರಿಂಟರು?”

“ಗುಜರಿಗೆ ಹಾಕಿದ್ವಲ್ಲ, ಅದು.”

ಪುಟ್ಟಿ ಚೀಟಿಯ ಕಡೆಗೊಮ್ಮೆ, ಕತ್ತರಿಸುವ ಯಂತ್ರದ ಕಡೆಗೊಮ್ಮೆ ನೋಡಿ, ಸೆಟ್ಟಿಂಗನ್ನು ಎಲ್ಲ ಭಾಷೆಗಳ ಅಕ್ಷರಗಳನ್ನೂ ಬಲ್ಲ ಯುಟಿಎಫ್-ಎಂಟಕ್ಕೆ ಬದಲಿಸಿದಳು. ಕಿಟಕಿಯ ತುಂಬ ಹೆಸರುಗಳು, ಒಂದೊಂದೂ ತನ್ನ ಟೋಪಿ ತೊಟ್ಟು, ಮದುವೆಗೆ ಹೊರಟವರ ಹಾಗೆ ನಿಂತವು.

ಗಾಯಕಿ ಬಿಲ್ಲೆಯನ್ನು ಅಲ್ಲೇ ಸಿಕ್ಕಿಸಿಕೊಂಡು, ತಮ್ಮ ಹೆಸರನ್ನು ತಾರಸ್ಥಾಯಿಯಲ್ಲಿ ಹಾಡಿಬಿಟ್ಟರು. ಎದುರಿನ ಚಪ್ಪಲಿಯಂಗಡಿಯವನು ಹೊರಗೆ ಬಂದು ನೋಡಿದ. “ಸ್ಪರ್ಧೆಯ ಪೋಸ್ಟರೂ ಇಲ್ಲೇ ಮಾಡ್ಸೋಣ,” ಎಂದರು ಗಾಯಕಿ, “ಆದ್ರೆ ಈ ಹುಡುಗಿ ಕೈಯಲ್ಲೇ.”

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, ಹಳೆಯ ಚೀಟಿ ಕಿತ್ತು, ಹೊಸದೊಂದನ್ನು ಬರೆದು ಅಂಟಿಸಿದರು: ‘ಪುಟ್ಟಿಯನ್ನು ಕೇಳದೆ ಮುಟ್ಟಿದವರ ಕೈ ಕತ್ತರಿಸಲಾಗುವುದು.’

“ನಿಮ್ಮ ಕೈನೂ ಸೇರಿನಾ ಚಿಕ್ಕಪ್ಪ?”

“ನಂದೇ ಮೊದಲು ಕಣೇ,” ಎಂದು ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.